ಮನೆಯ ತಲೆಬಾಗಿಲು



ಮನೆ ಕಟ್ಟಿಸತಕ್ಕವರು ಅಡಿಗೆಯ ಕಟ್ಟೆ ಎಷ್ಟು ಎತ್ತರವಿರಬೇಕೆಂಬುದನ್ನು ಕುರಿತು ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ವಾದಿಸುತ್ತಾರೆ. ಬಚ್ಚಲಿಗೆ ಹಾಸುವ ಕಲ್ಲಿಗಾಗಿ ನಾಲ್ಕು ಅಂಗಡಿಗಳನ್ನು ಸುತ್ತುತ್ತಾರೆ. ತಲೆಬಾಗಿಲಿನ ಸರದಿ ಬಂದಾಗ ಮಾತ್ರ ಒಂದು ಅಂಗಡಿಗೆ ಹೋಗಿ, ಗೋಡೆಗೆ ಒರಗಿಸಿಟ್ಟ ಹತ್ತು ಕದಗಳಲ್ಲಿ ಯಾವುದರ ಮೇಲೆ ಕೆತ್ತನೆ ಹೆಚ್ಚಾಗಿರುವುದೋ ಅದನ್ನು ಬೆರಳುಮಾಡಿ ತೋರಿಸಿ, ಮುಂಗಡವನ್ನು ಕೊಟ್ಟು ಹಿಂದಿರುಗುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಅದರ ಫಲವನ್ನೂ ಉಂಡೆವು. ಇಂದಿನ ಭಾಷಣಕ್ಕೆ ಅದೇ ಕಾರಣ. ಕಾಲೇಜಿನಲ್ಲಿ ಪಾಠ ಹೇಳತಕ್ಕ ನಮಗೆ ಬಡಗಿಯ ಕೆಲಸದ ಮಾತೇಕೆಂದು ಕೇಳುವವರು ಇರಬಹುದು. ಪೆಟ್ಟು ತಿಂದವನಿಗೆ ಮಾತನಾಡುವ ಅಧಿಕಾರ ಸ್ವಲ್ಪಮಟ್ಟಿಗಾದರೂ ಉಂಟೆಂದು ಅವರು ಒಪ್ಪಿಯಾರು.

ತಲೆಬಾಗಿಲೆಂದರೆ ತಲೆಯನ್ನು ಬಾಗಿಸಿ ಬರಬೇಕಾದ ಬಾಗಿಲೆಂದು ಹಿರಿಯರು ಮಕ್ಕಳಿಗೆ ಹೇಳುವುದುಂಟು. ವಿನಯವನ್ನು ಕಲಿಸುವುದಕ್ಕೆ ಒಳ್ಳೆಯ ಮಾತೇ ಸರಿ. ಆದರೆ ಶಬ್ದದ ಅರ್ಥ ಅದಲ್ಲ. ಇಲ್ಲಿ ತಲೆ ಎಂದರೆ ಮೊದಲನೆಯದು, ಮುಖ್ಯವಾದದ್ದು. ಬಾಗಿಲೆಂಬುದಾದರೋ ತಮಿಳಿನ ವಾಯಿಲ್ ಎಂಬುದರ ಒಡಹುಟ್ಟು, ಬಾಯಿ ಎಂಬ ಶಬ್ದದ ಬಳಗಕ್ಕೆ ಸೇರಿದುದು. ಮನೆಯ ಬಾಯಿ ಎಂದಂತಾಯಿತು. ಬಾಯಿ ಬೇಕಾದಾಗ ತೆರೆಯಬೇಕು, ಬೇಡವಾದಾಗ ಮುಚ್ಚಿಕೊಳ್ಳಬೇಕು. ಇವೆರಡೂ ಆದಮೇಲೆ ಅದರ ಅಂದದ ಮಾತು.

ಬೆಂಗಳೂರಿನ ಹಳೆಯ ಪೇಟೆಯ ಮನೆಗಳನ್ನು ನೋಡಿದವರಿಗೆ ಅಲ್ಲಿಯ ಬಾಗಿಲುಗಳ ನೆನಪಿರಬಹುದು. ಬೀದಿಯ ಅಂಚಿನಲ್ಲಿಯೇ ಜಗಲಿ. ಜಗಲಿಯ ಹಿಂದೆಯೇ ಬಾಗಿಲು. ಪಕ್ಕದ ಮನೆಗೂ ಈ ಮನೆಗೂ ನಡುವೆ ಒಂದೇ ಗೋಡೆ. ದಪ್ಪ ಹಲಗೆಯ ಎರಡು ಕದಗಳು, ಗಿಡ್ಡನೆಯ ಬಾಗಿಲುವಾಡ, ಗೇಣೆತ್ತರದ ಹೊಸ್ತಿಲು, ಒಳಗಡೆ ಅಡ್ಡಲಾಗಿ ಹಾಕುವ ಮರದ ಅಗುಳಿ. ಬೀದಿಗೆ ಇಷ್ಟು ಸಮೀಪವಿದ್ದ ಮನೆಗೆ ಇಂಥ ಬಾಗಿಲೇ ತಕ್ಕದ್ದು. ೧೮೯೨ರ ಸುಮಾರಿಗೆ ಚಾಮರಾಜಪೇಟೆ ಏರ್ಪಟ್ಟಿತು. ೧೮೯೮ರಲ್ಲಿ ಪ್ಲೇಗು ಕಾಣಿಸಿಕೊಂಡು ಪೇಟೆಯ ಇಕ್ಕಟ್ಟಿನಿಂದ ಜನ ಹೊರಕ್ಕೆ ಬಂದ ಮೇಲೆ ಬಸವನಗುಡಿ ಮಲ್ಲೇಶ್ವರಗಳು ತುಂಬಿಕೊಂಡುವು. ಅಲ್ಲಿ ಮನೆಯ ಸುತ್ತಲೂ ಗಾಳಿ ಬೆಳಕುಗಳಿಗೆ ಜಾಗ ಬಿಟ್ಟರು. ಮೊದಲು ಕಾಂಪೌಂಡಿನ ಗೇಟು, ಆಮೇಲೆ ಹೂವಿನ ಗಿಡ, ಆಮೇಲೆ ಮೆಟ್ಟಿಲು, ಮಂಗಳೂರು ಹೆಂಚಿನ ಮಾಡಿನ ವರಾಂಡ, ಇಷ್ಟೂ ದಾಟಿದ ತರುವಾಯ ತಲೆಬಾಗಿಲು. ಈ ವರಾಂಡವು ಬರಿಯ ಬೆಡಗಿಗಾಗಿ ಇದ್ದದ್ದಲ್ಲವೆಂಬುದು ನಮಗೆ ಬಹಳ ತಡವಾಗಿ ತಿಳಿಯಿತು. ಎಂಟು ಅಡಿ ಮಾಡಿನ ಹಿಂದೆ ನಿಂತ ಬಾಗಿಲಿಗೆ ಮಳೆಯ ಎರಚಲಾಗಲಿ ಸಂಜೆಯ ಬಿಸಿಲಾಗಲಿ ತಾಕುತ್ತಿರಲಿಲ್ಲ. ಈಗ ನಾವು ನಿವೇಶನದ ಅಂಚಿನವರೆಗೂ ಮನೆಯನ್ನು ಎಳೆದು ತಂದು, ಕಾರು ನಿಲ್ಲಿಸುವುದಕ್ಕೆ ಉಳಿದ ಜಾಗವನ್ನು ಕೊಟ್ಟು, ಬಾಗಿಲನ್ನು ನೇರವಾಗಿ ಆಕಾಶದ ಕೆಳಗೆ ನಿಲ್ಲಿಸುತ್ತೇವೆ; ಮತ್ತೆ ಮರ ಉಬ್ಬಿತೆಂದು ಮರವನ್ನು ಬಯ್ಯುತ್ತೇವೆ.

ನಮ್ಮ ಮನೆ ಬಸವನಗುಡಿಯಲ್ಲಿ, ಗಾಂಧಿಬಜಾರಿಗೆ ಕಾಲ್ನಡಿಗೆಯ ದೂರದಲ್ಲಿದೆ. ತಾತನವರು ಕಟ್ಟಿಸಿದ್ದ ಹಳೆಯ ಮನೆಯ ಗೋಡೆಗಳು ಬಿರುಕುಬಿಟ್ಟುದರಿಂದ ಕೆಲವು ವರ್ಷಗಳ ಹಿಂದೆ ಅದನ್ನು ಕೆಡವಿ, ಅದೇ ಸ್ಥಳದಲ್ಲಿ ಹೊಸದನ್ನು ಕಟ್ಟಿಸಿದೆವು. ಕೆಡವುವ ಗುತ್ತಿಗೆಯವನು ಬಂದ ಮೊದಲ ದಿನವೇ ಹಳೆಯ ತಲೆಬಾಗಿಲನ್ನು ತಾನೇ ಕೊಳ್ಳುವೆನೆಂದನು. ಆ ಮನೆಯಲ್ಲಿ ಬೆಲೆ ಬಾಳತಕ್ಕದ್ದು ಯಾವುದೆಂಬುದು ಅವನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ತಾಯಿಯವರು ಸುತರಾಂ ಒಪ್ಪಲಿಲ್ಲವಾಗಿ ಅದು ಮಾರಾಟವಾಗದೆ ಹಿತ್ತಿಲಿನ ತಗಡಿನ ಮಾಡಿನ ಕೆಳಗೆ ಇಟ್ಟಿಗೆಗಳ ಮೇಲೆ ಮಲಗಿತು. ಹೊಸ ಮನೆಗೆ ಹಳೆಯ ಬಾಗಿಲು ಒಪ್ಪುವುದಿಲ್ಲವೆಂದು ನಮ್ಮ ಅಭಿಪ್ರಾಯ. ಅಂಗಡಿಯಿಂದ ಮೂರೂವರೆ ಅಡಿ ಅಗಲದ ಒಂಟಿ ಕದವೊಂದು ಬಂದಿತು. ಅದರ ಮೇಲೆ ನವಿಲು, ಆನೆ, ಬಳ್ಳಿ, ಇನ್ನೇನೇನೋ. ಮಾಘಮಾಸದಲ್ಲಿ ಅದನ್ನು ಕೂರಿಸಿದಾಗ ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡುತ್ತಿತ್ತು. ಆಷಾಢದ ಹೊತ್ತಿಗೆ ಮೇಲಣ ಮೂಲೆ ಹಿಡಿಯತೊಡಗಿತು. ಅಂಗಡಿಯವರು ಒಬ್ಬನನ್ನು ಕಳುಹಿಸಿ ತುದಿಯನ್ನು ಹೆರೆಸಿದರು. ಭಾದ್ರಪದದಲ್ಲಿ ಮತ್ತೆ ಹಿಡಿಯಿತು. ನಾವು ಭುಜ ಕೊಟ್ಟು ನೂಕಿ ತೆರೆಯುವುದನ್ನು ಅಭ್ಯಾಸಮಾಡಿಕೊಂಡೆವು.

ನಮ್ಮ ತಂದೆಯವರು ಪಾರ್ಶ್ವವಾಯುವಾದ ಮೇಲೆ ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ಆ ತಿಂಗಳಲ್ಲಿಯೇ ಒಂದು ರಾತ್ರಿ, ಜಡಿಮಳೆಯಲ್ಲಿ, ಅವರಿಗೆ ಉಸಿರು ಕಟ್ಟಿತು. ಆಂಬುಲೆನ್ಸು ಬಂದು ಗೇಟಿನ ಬಳಿ ನಿಂತಿತು. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಎಳೆಯುವವರು ನಾವು, ಹೊರಗಿನಿಂದ ನೂಕುವವರು ಬಂದ ಇಬ್ಬರು ಹುಡುಗರು. ಹಿಡಿ ಕಿತ್ತು ಕೈಗೆ ಬಂದಿತು. ಹತ್ತು ನಿಮಿಷವಾದರೂ ಹಿಡಿದಿರಬೇಕು. ಕಡೆಗೆ ತೆರೆದಾಗ ನಾಲ್ಕು ಅಂಗುಲದ ಹೊಸ್ತಿಲಿನ ಮೇಲೆ ಕುರ್ಚಿಯನ್ನು ಎತ್ತಿ ದಾಟಿಸಬೇಕಾಯಿತು. ದೇವರ ದಯೆಯಿಂದ ತಂದೆಯವರು ಎಂಟು ದಿನಗಳಲ್ಲಿ ಗುಣವಾಗಿ ಮನೆಗೆ ಬಂದರು. ಆ ಹತ್ತು ನಿಮಿಷ ಮಾತ್ರ ನಮ್ಮನ್ನು ಬಿಟ್ಟುಹೋಗಿಲ್ಲ.

ಅದಾದ ಮೇಲೆ ನಾವು ಆನೆ ನವಿಲುಗಳನ್ನು ನೋಡುವುದನ್ನು ಬಿಟ್ಟು ಮರವನ್ನು ನೋಡಲು ಮೊದಲುಮಾಡಿದೆವು. ಚಾಮರಾಜಪೇಟೆಯಲ್ಲಿ ವೃದ್ಧರಾದ ಬಡಗಿಗಳೊಬ್ಬರಿದ್ದಾರೆ. ಅವರನ್ನು ನಾವೆಲ್ಲರೂ ಆಚಾರ್ರೆಂದೇ ಕರೆಯುತ್ತೇವೆ. ಅವರು ಬಂದು, ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ, ಕೆಳಗಿನ ಅಂಚಿಗೆ ಬೆರಳು ತಾಗಿಸಿ, “ಸ್ವಾಮಿ, ಇದರ ಅಡಿಗೆ ಪಾಲೀಶೇ ಕಂಡಿಲ್ಲವಲ್ಲ, ನೀರು ಕುಡಿಯದೆ ಇನ್ನೇನು ಮಾಡೀತು?” ಎಂದರು. ನಾವು ನೋಡದ ಜಾಗವನ್ನು ಅವರು ಮೊದಲು ನೋಡಿದ್ದರು.

ಮರವೆಂಬುದು ಕಡಿದ ಮೇಲೆಯೂ ನೀರನ್ನು ಕುಡಿಯುತ್ತದೆ, ಕಕ್ಕುತ್ತದೆ. ಉದ್ದಕ್ಕೆ ಅದು ಬೆಳೆಯುವುದೂ ಕುಗ್ಗುವುದೂ ಗಣನೆಗೆ ಬಾರದಷ್ಟು ಅಲ್ಪ, ಅಡ್ಡಕ್ಕೆ ಹಾಗಲ್ಲ. ತೇಗವು ಇತರ ಮರಗಳಿಗಿಂತ ಬಹಳ ಸಮಾಧಾನದ ಮರ. ಆದರೂ ಹಸಿಯಿಂದ ಪೂರ್ತಿ ಒಣಗುವವರೆಗೆ ಅದು ವರ್ಷವಲಯಗಳ ಗುಂಟ ಶೇಕಡ ೫ಕ್ಕೂ ಸ್ವಲ್ಪ ಹೆಚ್ಚಾಗಿ ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ಅದರ ಅರ್ಧದಷ್ಟು. ಲೆಕ್ಕವನ್ನು ಹಾಕಿ ನೋಡಿ. ಶೇಕಡ ೨೦ರಷ್ಟು ತೇವವಿದ್ದ ಹಲಗೆಗಳನ್ನು ಅಂಟಿಸಿ ೩ ಅಡಿ ಅಗಲದ ಕದವನ್ನು ಮಾಡಿ, ಅದು ಶೇಕಡ ೧೨ಕ್ಕೆ ಒಣಗಿತೆಂದರೆ, ಅಗಲದಲ್ಲಿ ಅರ್ಧ ಅಂಗುಲದಷ್ಟು ಕಡಿಮೆಯಾಗಬಹುದು. ಒಣಗಿದ ಕದವು ಮಳೆಗಾಲದಲ್ಲಿ ತೇವವನ್ನು ಹೀರಿಕೊಂಡಾಗ ಇದರ ವಿಪರ್ಯಯ. ಬಾಗಿಲಿಗೂ ವಾಡಕ್ಕೂ ನಡುವೆ ನಾವು ಬಿಡುವ ಸಂದು ಒಂದು ಅಂಗುಲದ ಎಂಟನೆಯ ಒಂದು ಭಾಗ! ಮಳೆಗಾಲದಲ್ಲಿ ಹೆರೆದರೆ ಬೇಸಗೆಯಲ್ಲಿ ಬೆರಳು ತೂರುವಷ್ಟು ಕಿಂಡಿ ಬೀಳುತ್ತದೆ, ನಮ್ಮಲ್ಲಿಯೂ ಬಿದ್ದಿತು.

ಹಿಂದಿನವರು ಈ ಸ್ವಭಾವವನ್ನು ಬಲ್ಲವರಾಗಿ ಅದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಕದದ ಸುತ್ತಲೂ ನಾಲ್ಕೈದು ಅಂಗುಲ ಅಗಲದ ಗಟ್ಟಿಯಾದ ಚೌಕಟ್ಟು. ಅದರ ಒಳ ಅಂಚಿನಲ್ಲಿ ಕೊರೆದ ಸಂದು. ಆ ಸಂದಿನೊಳಗೆ ಪ್ಯಾನಲ್ ಹಲಗೆ. ಆ ಹಲಗೆಗೆ ಅಂಟನ್ನು ಹಾಕುವುದಿಲ್ಲ, ಮೊಳೆಯನ್ನು ಹೊಡೆಯುವುದಿಲ್ಲ. ಅದು ತನ್ನ ಸಂದಿನಲ್ಲಿಯೇ ಹಿಗ್ಗಿ ಕುಗ್ಗಿಕೊಳ್ಳುತ್ತದೆ. ಕದದ ಒಟ್ಟು ಅಗಲವನ್ನು ನಿಶ್ಚಯಿಸತಕ್ಕದ್ದು ಎರಡು ಕಡೆಯ ಪಟ್ಟಿಗಳು ಮಾತ್ರ. ಮೂರಡಿ ಮರ ಉಬ್ಬುವುದಕ್ಕೆ ಬದಲಾಗಿ ಹತ್ತಂಗುಲ ಮರ ಉಬ್ಬಿತೆಂದಾಯಿತು. ನಾವು ಕೊಂಡ ಕೆತ್ತನೆಯ ಕದದಲ್ಲಿ ಹಲಗೆಗಳನ್ನೆಲ್ಲ ಪಕ್ಕಪಕ್ಕಕ್ಕೆ ಅಂಟಿಸಿ ಒಂದೇ ಫಲಕವನ್ನಾಗಿ ಮಾಡಿದ್ದರು. ಕೆತ್ತನೆಗೆ ಅಡಚಣೆಯಾಗಬಾರದಲ್ಲ!

ಇನ್ನು ಮರದ ಜಾತಿ. ತೇಗವೇ ಆಗಬೇಕೆಂಬ ಹಟ ನಮ್ಮ ಜನಕ್ಕೆ ಬಹಳ, ಅದು ಅಕಾರಣವಾದುದಲ್ಲ. ಅದರ ಚೇಗಿನಲ್ಲಿ ಸಹಜವಾದ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಅದರ ಗೊಡವೆಗೆ ಸುಲಭವಾಗಿ ಹೋಗುವುದಿಲ್ಲ. ಚಾಮರಾಜಪೇಟೆಯ ಮಗ್ಗುಲಲ್ಲಿಯೇ ಇರುವ ಟಿಪ್ಪುವಿನ ಬೇಸಗೆಯ ಅರಮನೆಯನ್ನು ನೋಡಿ. ೧೭೯೧ರಲ್ಲಿ ಪೂರ್ತಿಯಾದ ಆ ಕಟ್ಟಡದ ತೇಗದ ಕಂಬಗಳು ಇಂದಿಗೂ ನಿಂತಿವೆ. ಆದರೆ ಈ ಗುಣವೆಲ್ಲ ಚೇಗಿನದು. ತೊಗಟೆಯ ಕೆಳಗಿನ ಬಿಳಿಯ ಭಾಗವೂ ತೇಗದ್ದೇ ಆದರೂ ಅದರಲ್ಲಿ ಆ ಗುಣವಿಲ್ಲ. ಬರ್ಮಾದ ತೇಗವೆಂಬ ಹೆಸರು ಅಂಗಡಿಗಳಲ್ಲಿ ಈಗಲೂ ಕೇಳಿಬರುತ್ತದೆ. ಆ ದೇಶವು ೨೦೧೪ರಲ್ಲಿ ದಿಮ್ಮಿಗಳನ್ನು ಹೊರಕ್ಕೆ ಕಳುಹಿಸುವುದನ್ನು ನಿಷೇಧಿಸಿತೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಆ ಮಾತನ್ನು ಕೇಳುವುದು ಒಳ್ಳೆಯದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ತೋಟಗಳಿಂದಲೂ ತೇಗ ಬರುತ್ತದೆ. ಅದೂ ತೇಗವೇ, ಆದರೆ ಎಳೆಯದಾಗಿಯೇ ಕಡಿದ ಮರವಾದರೆ ಬಿಳಿಯ ಭಾಗ ಹೆಚ್ಚಾಗಿರುತ್ತದೆ.

ತೇಗದ ಬೆಲೆಯನ್ನು ತೆರಲಾರದವರು ಹೊನ್ನೆಯನ್ನೊ ಮತ್ತಿಯನ್ನೊ ಹಲಸನ್ನೊ ಚೆನ್ನಾಗಿ ಒಣಗಿದ್ದನ್ನು ನೋಡಿ ಕೊಳ್ಳಲಿ. ಚೆನ್ನಾಗಿ ಒಣಗಿದ ಹಲಸಿನ ಬಾಗಿಲು ಹಸಿ ತೇಗದ ಬಾಗಿಲಿಗಿಂತ ಮೇಲೆಂದು ನಮ್ಮ ಆಚಾರ್ರ ಮತ; ಈಗ ನಮ್ಮ ಮತವೂ ಅದೇ. ಬೀಟೆಯ ಮಾತನ್ನು ನಾವು ಎತ್ತುವುದಿಲ್ಲ. ಮೈಸೂರಿನ ಅರಮನೆಯಲ್ಲಿ ದಂತವನ್ನು ಕೂರಿಸಿದ ಬೀಟೆಯ ಬಾಗಿಲನ್ನು ನೋಡಿ ಕಣ್ಣು ತಣಿಸಿಕೊಂಡು ಬಂದರೆ ಸಾಕು.

ಕೊಳ್ಳುವ ಮರ ಹೇಳಿದ ಮರವೇ ಹೌದೆಂಬುದನ್ನು ತಿಳಿಯುವುದು ಹೇಗೆ? ಮೇಲ್ಮೈಯ ಬಣ್ಣವನ್ನು ನಂಬಲಾಗದು. ಬಣ್ಣವು ಡಬ್ಬಿಯಲ್ಲಿ ಸಿಕ್ಕುತ್ತದೆ. ಹಲಗೆಯ ಕತ್ತರಿಸಿದ ತುದಿಯನ್ನು ಹರಿತವಾದ ಚಾಕುವಿನಿಂದ ಸವರಿ ಭೂತಗನ್ನಡಿಯಲ್ಲಿ ನೋಡಬೇಕು. ತೇಗವಾದರೆ ಪ್ರತಿಯೊಂದು ವರ್ಷವಲಯದ ಮೊದಲಲ್ಲಿಯೂ ದೊಡ್ಡ ರಂಧ್ರಗಳು ಸಾಲಾಗಿ ಕಾಣುತ್ತವೆ. ಇಷ್ಟರಿಂದ ಸಂಶಯ ತೀರದಿದ್ದರೆ ನಮ್ಮ ಊರಿನಲ್ಲಿಯೇ ಒಂದು ಅನುಕೂಲವಿದೆ. ಇದನ್ನು ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದವರಲ್ಲಿಯೂ ಅನೇಕರು ಅರಿಯರು. ಮೈಸೂರು ಸಂಸ್ಥಾನವು ೧೯೩೮ರಲ್ಲಿ ಒಂದು ಅರಣ್ಯ ಸಂಶೋಧನಾಲಯವನ್ನು ಸ್ಥಾಪಿಸಿತು. ಅದು ೧೯೮೮ರಲ್ಲಿ ಮರದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ, ಮಲ್ಲೇಶ್ವರದ ೧೮ನೆಯ ಅಡ್ಡರಸ್ತೆಯಲ್ಲಿ ಕೆಲಸಮಾಡುತ್ತ ಬಂದಿದೆ. ಅಲ್ಲಿ ನಾನಾ ಮರಗಳ ತುಂಡುಗಳ ದೊಡ್ಡ ಸಂಗ್ರಹವುಂಟು. ಮರದ ಚೂರನ್ನು ಕೊಟ್ಟರೆ, ಶುಲ್ಕವನ್ನು ಪಡೆದು ಅದರ ಜಾತಿಯನ್ನು ಗುರುತಿಸಿ ಹೇಳುತ್ತಾರೆ. ನಮ್ಮ ಕದದ ಚೂರುಗಳನ್ನು ನಾವು ತೋರಿಸಿದೆವು. ಸುತ್ತಲಿನ ಪಟ್ಟಿ ತೇಗ. ನಡುವಣ ಕೆತ್ತನೆಯದು ಬಣ್ಣ ಬಳಿದ ಬೇರೆಯ ಮರ. ಮುಂಗಡವನ್ನು ಕೊಡುವುದಕ್ಕೆ ಮೊದಲು ಹೋಗಬೇಕಾಗಿದ್ದ ಕಡೆಗೆ ನಾವು ಆಸ್ಪತ್ರೆಗೆ ಹೋಗಿಬಂದ ಮೇಲೆ ಹೋದೆವು.

ಹಿತ್ತಿಲಿನಲ್ಲಿ ಮಲಗಿದ್ದ ತಾತನವರ ಬಾಗಿಲನ್ನು ಆಚಾರ್ರು ಹೊರಳಿಸಿ ನೋಡಿದರು. ಎರಡು ಕದ, ಒಂದೊಂದೂ ೨೨ ಅಂಗುಲ, ಪ್ಯಾನಲ್ ಕೆಲಸ, ಎಲ್ಲವೂ ಚೇಗು. ಕೀಲುಗಳು ತುಕ್ಕು ತಿಂದಿದ್ದುವು. ಮರಕ್ಕೆ ಏನೂ ಆಗಿರಲಿಲ್ಲ. ಹಳೆಯ ಮರವು ಆಡುವ ಆಟವನ್ನೆಲ್ಲ ಆಡಿ ಮುಗಿಸಿರುತ್ತದೆಂದು ಅವರು ಹೇಳಿದರು. ವಿಜ್ಞಾನದ ದೃಷ್ಟಿಯಿಂದ ಈ ಮಾತು ಪೂರ್ತಿ ಸರಿಯಲ್ಲ, ಹಳೆಯ ಮರವೂ ತೇವಕ್ಕೆ ಹಿಗ್ಗುತ್ತದೆ. ಆದರೆ ಸೊಟ್ಟಗಾಗತಕ್ಕ ಹಲಗೆಯಾಗಿದ್ದರೆ ಅಷ್ಟು ವರ್ಷಗಳಲ್ಲಿ ಆಗಿಯೇ ಇರುತ್ತಿತ್ತೆಂಬುದರಲ್ಲಿ ಅನುಮಾನವಿಲ್ಲ. ಮೈಸೂರು ರಸ್ತೆಯ ಮರದ ಅಂಗಡಿಗಳಲ್ಲಿ ಹಳೆಯ ಮನೆಗಳ ಬಾಗಿಲುಗಳು ಸಾಲಾಗಿ ನಿಂತಿರುವುದನ್ನು ನೋಡಿದಾಗಲೆಲ್ಲ ನಮಗೆ ಈಗ ಸಂಕಟವಾಗುತ್ತದೆ. ಮಾರಿದವರ ಮನೆಯಲ್ಲಿ ಈಗ ಯಾವ ಬಾಗಿಲಿದೆಯೋ!

ಹೊಸ್ತಿಲಿನ ಪ್ರಶ್ನೆ ಮಾತ್ರ ಉಳಿಯಿತು. ಮನೆಯಲ್ಲಿ ಜಗಳ ಹುಟ್ಟಿದ್ದು ಅಲ್ಲಿಯೇ. ಆ ಹೊಸ್ತಿಲು ಐದು ಅಂಗುಲ ಎತ್ತರ. ತಾಯಿಯವರು ಮದುವೆಯಾಗಿ ಬಂದಂದಿನಿಂದ ಅದಕ್ಕೆ ಅರಿಸಿನ ಕುಂಕುಮಗಳನ್ನಿಟ್ಟು ರಂಗವಲ್ಲಿ ಹಾಕಿದವರು. ಗಾಲಿಕುರ್ಚಿಗೆ ಅರ್ಧ ಅಂಗುಲಕ್ಕಿಂತ ಹೆಚ್ಚಿನ ಏರು ಇರಕೂಡದು. ಹೊರಗಡೆ ಇಳಿಜಾರನ್ನು ಕಟ್ಟೋಣವೆಂದರೆ, ಒಂದಡಿ ಏರಿಗೆ ಹನ್ನೆರಡಡಿ ಓಟ ಬೇಕೆಂಬುದು ನಿಯಮ; ಐದಂಗುಲಕ್ಕೆ ಐದಡಿ; ಒಳಗೂ ಐದಡಿ, ಹೊರಗೂ ಐದಡಿ. ಅಷ್ಟು ಜಾಗವೆಲ್ಲಿ? ಆಚಾರ್ರು ಹೊಸ್ತಿಲನ್ನೇ ನೆಲದೊಳಕ್ಕೆ ಇಳಿಸಿ, ಅರ್ಧ ಅಂಗುಲ ಮಾತ್ರ ಮೇಲೆ ಬಿಡುವುದೆಂದು ಸೂಚಿಸಿದರು.

“ಹೊಸ್ತಿಲನ್ನ ಹೂಳೋದುಂಟೇನಪ್ಪ? ಲಕ್ಷ್ಮಿ ಕೂತ್ಕೊಳ್ಳೋ ಜಾಗ ಅದು,” ಎಂದರು ತಾಯಿಯವರು.

“ಹೂಳೋದಲ್ಲ ಅಮ್ಮಾವ್ರೆ, ಕೂರಿಸೋದು. ನೀವು ಬಗ್ಗಿ ರಂಗೋಲಿ ಹಾಕೋಕೆ ಮೇಲ್ಮುಖ ಹಾಗೇ ಇರ್ತದೆ,” ಎಂದರು ಆಚಾರ್ರು.

ತಾಯಿಯವರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ತಂದೆಯವರು ಕುರ್ಚಿಯನ್ನು ತಾವೇ ತಳ್ಳಿಕೊಂಡು ಹೋಗಿ, ಹಿತ್ತಿಲಿನಲ್ಲಿದ್ದ ಆ ಹೊಸ್ತಿಲಿನ ಪಕ್ಕದಲ್ಲಿ ನಿಲ್ಲಿಸಿ, “ಲಕ್ಷ್ಮೀನ ದಾಟೋ ಶಕ್ತಿ ನನಗಿಲ್ಲ ಕಣೆ, ಸ್ವಲ್ಪ ಕೆಳಗೆ ಕೂತ್ಕೊಳ್ಳೋಕೆ ಹೇಳು” ಎಂದರು. ತಾಯಿಯವರಿಗೆ ನಗುವೂ ಅಳುವೂ ಒಟ್ಟಿಗೆ ಬಂದುವು. ಒಳ್ಳೆಯ ದಿನವನ್ನು ನೋಡಿ ಹೊಸ್ತಿಲಿನ ಕೆಳಗೆ ನವರತ್ನದ ಚೂರುಗಳನ್ನು ತಾವೇ ಇಟ್ಟರು. ಎರಡು ಕದಗಳನ್ನೂ ತೆರೆದರೆ ಮೂರೂವರೆ ಅಡಿಗೆ ಮೇಲೆ ದಾರಿ. ಕುರ್ಚಿಗೆ ಮೂರಡಿ ಇದ್ದರೆ ಸಾಕು. ವಯಸ್ಸಾದವರಿರುವ ಮನೆಯವರು, ಅಂದರೆ ಎಂದಾದರೊಂದು ದಿನ ಎಲ್ಲರೂ, ಬಾಗಿಲಿನ ಅಗಲವನ್ನು ವಾಡದ ಹೊರಗಿನಿಂದಲ್ಲ, ಕದ ತೆರೆದಾಗ ನಿಜವಾಗಿ ಉಳಿಯುವ ಜಾಗದಿಂದ ಅಳೆಯತಕ್ಕದ್ದು.

ಕೂರಿಸುವ ಕೆಲಸವನ್ನು ನಾವು ಪಕ್ಕದಲ್ಲಿಯೇ ನಿಂತು ನೋಡಿದೆವು. ಗೋಡೆಯೊಳಗೆ ಅಡಗತಕ್ಕ ವಾಡದ ಬೆನ್ನಿಗೂ ನೆಲದೊಳಗಿಳಿಯುವ ಹೊಸ್ತಿಲಿಗೂ ಮೊದಲು ಟಾರನ್ನು ಬಳಿದರು. ಗಾರೆಯ ತೇವ ಮರಕ್ಕೆ ಹತ್ತಬಾರದು. ಒಂದೊಂದು ಪಕ್ಕಕ್ಕೆ ಮೂರರಂತೆ ಕಬ್ಬಿಣದ ಹೋಲ್ಡ್‌ಫಾಸ್ಟುಗಳನ್ನು ತಿರುಪಿನಿಂದ ಬಿಗಿದು, ಗೋಡೆಯಲ್ಲಿ ಕಾಂಕ್ರೀಟಿನಿಂದ ಕೂರಿಸಿದರು. ತೂಗುಗುಂಡನ್ನು ಬಿಟ್ಟು ಎರಡು ತೋಳುಗಳೂ ನೆಟ್ಟಗಿವೆಯೆ ಎಂದು ನೋಡಿ, ರಸಮಟ್ಟವನ್ನಿಟ್ಟು ಹೊಸ್ತಿಲನ್ನು ಪರೀಕ್ಷಿಸಿ, ಆಮೇಲೆ ಆಚಾರ್ರು ಒಂದು ದಾರವನ್ನು ಮೂಲೆಯಿಂದ ಮೂಲೆಗೆ ಹಿಡಿದರು. ಮತ್ತೆ ಎದುರು ಮೂಲೆಗಳಿಗೆ ಹಿಡಿದರು. ಎರಡೂ ಅಳತೆ ಒಂದೇ ಆದರೆ ಚೌಕ ಸರಿ. ಅಂಗಡಿಯವರು ಬಂದು ಕೂರಿಸಿದ ದಿನ ಈ ದಾರವನ್ನು ನಾವು ಕಂಡಿರಲಿಲ್ಲ. ಹೊಸ ಗಾರೆ ಪೂರ್ತಿ ಒಣಗುವವರೆಗೆ, ಸುಮಾರು ಒಂದು ತಿಂಗಳು, ಕದಗಳನ್ನು ತೂಗುಹಾಕಲಿಲ್ಲ. ಅಷ್ಟು ದಿನವೂ ಒಂದು ಹಲಗೆಯ ತಡಿಕೆಯೇ ನಮ್ಮ ಬಾಗಿಲು, ನೆಂಟರು ನಕ್ಕರು.

ಮೂರೂವರೆ ಅಡಿಗೆ ಏಳಡಿಯ, ಒಂದೂವರೆ ಅಂಗುಲ ದಪ್ಪದ ತೇಗದ ಒಂಟಿ ಕದ ೫೫ ಕಿಲೋಗ್ರಾಮಿನಷ್ಟು ತೂಗುತ್ತದೆ. ಅದನ್ನು ಎರಡು ಕೀಲುಗಳಿಗೆ ನೇತುಹಾಕಿ, ಆರು ತಿಂಗಳ ಮೇಲೆ ಜೋತುಬಿದ್ದಿತೆಂದು ಆಶ್ಚರ್ಯಪಡುವವರನ್ನು ಏನೆನ್ನೋಣ? ನಮ್ಮ ಕದಗಳು ಸಣ್ಣವಾದರೂ ಒಂದೊಂದಕ್ಕೆ ಮೂರು ಹಿತ್ತಾಳೆಯ ಕೀಲುಗಳನ್ನು ಹಾಕಿಸಿದೆವು. ತಿರುಪುಮೊಳೆಗಳನ್ನು ತಿರುಗಿಸಿಯೇ ಇಳಿಸಬೇಕು. ಸುತ್ತಿಗೆಯಿಂದ ಹೊಡೆದು ಕಡೆಯಲ್ಲಿ ಒಂದು ಸುತ್ತು ತಿರುಗಿಸುವವನ ಕೈಯಲ್ಲಿ ಕೆಲಸ ಮಾಡಿಸಕೂಡದು. ಬಣ್ಣವನ್ನೊ ವಾರ್ನಿಷನ್ನೊ ಕದದ ಆರು ಮುಖಗಳಿಗೂ ಹಚ್ಚಬೇಕು. ಮೇಲಿನ ಅಂಚೂ ಕೆಳಗಿನ ಅಂಚೂ ಕದದ ಮುಖಗಳೇ. ಅರಗಿನ ಪಾಲೀಶು ನೋಡುವುದಕ್ಕೆ ಚೆಲುವು, ಮಳೆಗೆ ತಡೆಯದು, ಒಳಬಾಗಿಲಿಗೆ ಆದೀತು. ಬೀಗದ ವಿಚಾರದಲ್ಲಿ ನಮಗೆ ವಿಶೇಷವಾದ ಅಭಿಪ್ರಾಯವಿಲ್ಲ. ಆದರೆ ಒಳಗಿನಿಂದ ಬೀಗದಕೈ ಇಲ್ಲದೆ ತೆರೆಯುವಂತಿರಲಿ, ಇಣುಕುವ ಗಾಜಿನ ಕಣ್ಣು ಕುಳಿತವರಿಗೂ ಎಟುಕುವ ಎತ್ತರದಲ್ಲಿ ಇನ್ನೊಂದಿರಲಿ. ದಿಕ್ಕಿನ ವಿಚಾರವನ್ನು ವಾಸ್ತು ಬಲ್ಲವರಿಗೆ ಬಿಟ್ಟಿದ್ದೇವೆ. ಪಡುವಣಕ್ಕೆ ಮುಖವಾದ ಬಾಗಿಲಿಗೆ ಸಂಜೆಯ ಬಿಸಿಲು ಬೀಳುತ್ತದೆ, ಮೇಲೆ ಎರಡಡಿಯ ಸಜ್ಜವಾದರೂ ಬೇಕು ಎಂಬುದಷ್ಟೇ ನಮ್ಮ ವಾಸ್ತು.

ಆ ಬಾಗಿಲು ನಿಂತು ಈಗ ಎರಡು ಮಳೆಗಾಲಗಳಾದುವು. ಎರಡನೆಯ ಮಳೆಗಾಲದಲ್ಲಿ ಎಡಗಡೆಯ ಕದ ಸ್ವಲ್ಪ ಬಿಗಿಯಾಯಿತು. ನಾವು ಗಾಬರಿಯಿಂದ ಆಚಾರ್ರಿಗೆ ಫೋನು ಮಾಡಿದೆವು. ಅವರು ಹೆರೆಯಬೇಡಿರೆಂದರು, ಅಂಚಿಗೆ ಮೇಣದ ಬತ್ತಿಯನ್ನು ಉಜ್ಜಿ, ದೀಪಾವಳಿಯವರೆಗೆ ಕಾಯಿರಿ ಎಂದರು. ಹಾಗೆಯೇ ಮಾಡಿದೆವು, ನರಕಚತುರ್ದಶಿಯ ಬೆಳಗ್ಗೆ ಅದು ತಾನಾಗಿಯೇ ಸಡಿಲವಾಗಿತ್ತು. ಆನೆ ನವಿಲುಗಳ ಕದವನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದಕ್ಕೆ ನಾಲ್ಕು ಕಾಲುಗಳನ್ನು ಹಚ್ಚಿಸಿ ಮಹಡಿಯ ಮೇಲೆ ಹಾಕಿದ್ದೇವೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ಅದರ ಮೇಲೆ ಹರಡಿಕೊಂಡು ತಿದ್ದುತ್ತೇವೆ. ಕೆತ್ತನೆಯ ಹಳ್ಳಗಳಲ್ಲಿ ಪೆನ್ಸಿಲು ಸಿಕ್ಕಿಕೊಳ್ಳುವುದೊಂದೇ ತೊಂದರೆ.